ಮನೀನ ಅಭ್ಯಾಸ ಮಾಡೋದು ಅಂದ್ರೆ ಏನು?

ಹೋದ ಚಳಿಗಾಲದಲ್ಲಿ ಬೀಳಗಿ ತಾಲ್ಲೂಕಿನ ನಮ್ಮ ದೊಡ್ಡವ್ವನ ಊರಿಗೆ ಹತ್ತು-ಹನ್ನೆರಡು ಹುಡುಗ ಹುಡುಗಿಯರು ಬಂದಿದ್ದರು. ಕೈಯಲ್ಲಿ ಟೇಪು, ರಟ್ಟಿಗೆ ಸಿಕ್ಕಿಸಿದ ಹಾಳೆ, ಕಿವಿಗೆ ಪೆನ್ಸಿಲ್ಲು. ಒಬ್ಬಳು ಟೇಪಿನ ತುದಿ ಹಿಡಿದು ಬಾಗಿಲಲ್ಲಿ ಕೂತಳು, ಇನ್ನೊಬ್ಬ ಎಳೆದುಕೊಂಡು ಪಡಸಾಲೆಯ ಆ ತುದಿಗೆ ಹೋದ. ದೊಡ್ಡವ್ವನಿಗೆ ಗಾಬರಿ. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಎಷ್ಟೋ ವರ್ಷದಿಂದ ನಡೆದೇ ಇದೆ. ಕೃಷ್ಣೆಯ ದಂಡೆಯ ಊರುಗಳಲ್ಲಿ ಟೇಪು ಹಿಡಿದವರು ಬಂದರೆ ಒಂದೇ ಅರ್ಥ, ಮುಳುಗಡೆ.

"ಮತ್ತ ಅಳತಿ ಏನ್ರಿ? ಹೋದ ಸಲನ ಎಲ್ಲಾ ಬರಕೊಂಡ ಹೋಗ್ಯಾರಲ್ಲ?" ಅಂದಳು ದೊಡ್ಡವ್ವ.

"ಇಲ್ರಿ ಆಯಿ, ನಾವು ಕಾಲೇಜಿನವರ್ರೀ. ನಿಮ್ಮ ಮನಿ ಅಭ್ಯಾಸ ಮಾಡಾಕ ಬಂದೇವ್ರಿ."

"ಮನ್ಯಾಗ ಅಭ್ಯಾಸ ಮಾಡೋದು ಗೊತ್ತೈತಿ. ಮನೀನ ಅಭ್ಯಾಸ ಮಾಡೋದು ಇವತ್ತ ಕೇಳಿದೆ ನೋಡವ್ವಾ."

ಎಲ್ಲರೂ ನಕ್ಕೆವು. ಬಂದಿದ್ದವರು ಆರ್ಕಿಟೆಕ್ಚರ್, ಅಂದರೆ ವಾಸ್ತುಶಿಲ್ಪ, ಓದುವವರು. ಆದರೆ ಅದೇ ಪ್ರಶ್ನೆಯನ್ನು ಈಗ ಬೇರೆ ಬೇರೆಯವರ ಬಾಯಲ್ಲಿ ಕೇಳುತ್ತಿದ್ದೇನೆ. ಪಿಯುಸಿ ಮುಗಿಸಿ ಆರ್ಕಿಟೆಕ್ಚರ್ ಸೇರಿದ ಮಕ್ಕಳ ಅಪ್ಪ ಅಮ್ಮಂದಿರದೇ ಜಾಸ್ತಿ. "ಪುಸ್ತಕ ಹಿಡಿಯೋದೇ ಇಲ್ಲರೀ. ರಾತ್ರಿ ಎರಡರ ತನಕ ಕೂತು ರಟ್ಟು ಕತ್ತರಿಸ್ತಾಳ, ಫೆವಿಕಾಲ್ ಹಚ್ತಾಳ. ಇದೇನು ಓದು?" ಅಂತ ಒಬ್ಬರು ಕೇಳಿದರು. ಹಾಗಾಗಿ ಈ ಲೇಖನ.

ಎಂಜಿನಿಯರ್ ಅಲ್ಲ, ವಾಸ್ತು ಹೇಳುವವರೂ ಅಲ್ಲ

ಮೊದಲು ಒಂದು ಗೊಂದಲ ಬಿಡಿಸೋಣ. ಸಿವಿಲ್ ಎಂಜಿನಿಯರ್ ಮುಖ್ಯವಾಗಿ ಕೇಳುವ ಪ್ರಶ್ನೆ: ಇದು ನಿಲ್ಲುತ್ತದೆಯೇ? ಆರ್ಕಿಟೆಕ್ಟ್ ಮೊದಲು ಕೇಳುವುದು: ಇಲ್ಲಿ ಯಾರು ಇರುತ್ತಾರೆ, ಹೇಗೆ ಇರುತ್ತಾರೆ? ಇಬ್ಬರಿಗೂ ಇನ್ನೊಬ್ಬರ ಪ್ರಶ್ನೆ ಗೊತ್ತಿರಲೇಬೇಕು, ಆದರೆ ಶುರು ಮಾಡುವ ಜಾಗ ಬೇರೆ. ಇನ್ನು ಬಾಗಿಲು ಯಾವ ದಿಕ್ಕಿಗಿರಬೇಕು ಅಂತ ಹೇಳುವ ವಾಸ್ತುವಿಗೂ ಈ ಓದಿಗೂ ಹೆಸರಿನ ನಂಟು ಬಿಟ್ಟರೆ ಹೆಚ್ಚೇನಿಲ್ಲ.

ಕೋರ್ಸಿನ ಹೆಸರು ಬಿ.ಆರ್ಕ್. ಐದು ವರ್ಷ, ಹತ್ತು ಸೆಮಿಸ್ಟರ್. ಸೇರಲು ನಾಟಾ ಎಂಬ ಪ್ರವೇಶ ಪರೀಕ್ಷೆ ಇದೆ. ಕರ್ನಾಟಕದ ಹೆಚ್ಚಿನ ಆರ್ಕಿಟೆಕ್ಚರ್ ಕಾಲೇಜುಗಳು 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಓದು ಮುಗಿಸಿದ ಮೇಲೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಬೇಕು. 1972ರ ಕಾಯ್ದೆಯ ಪ್ರಕಾರ ಹಾಗೆ ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು.

ಈ ಐದು ವರ್ಷದ ನಡುಗಂಬ ಅಂದರೆ 'ಸ್ಟುಡಿಯೋ'. ಸಿನಿಮಾದ್ದಲ್ಲ. ಅಗಲ ಮೇಜುಗಳ ದೊಡ್ಡ ಕೋಣೆ. ಅಲ್ಲಿ ಪಾಠ ಕೇಳುವುದಕ್ಕಿಂತ ಮಾಡಿ ನೋಡುವುದೇ ಹೆಚ್ಚು. ಈಜು ಕಲಿಸುವವರು ಸೊಂಟಕ್ಕೆ ಒಣ ಕುಂಬಳಕಾಯಿ ಕಟ್ಟಿ ಬಾವಿಗೆ ಬಿಡುತ್ತಿದ್ದರಲ್ಲ, ಹಾಗೆ.

ಹಗೇವಿನ ಒಳಗಿನ ಟೊಳ್ಳು

ಸ್ಟುಡಿಯೋದಲ್ಲಿ ಮೊದಲ ದಿನದಿಂದ ಕಿವಿಗೆ ಬೀಳುವ ಮಾತು 'ಸ್ಪೇಸ್'. ಆಕಾಶದಲ್ಲಿ ರಾಕೆಟ್ ಹೋಗುವ ಜಾಗವಲ್ಲ. ಗೋಡೆ, ನೆಲ, ಮಾಳಿಗೆ ಸೇರಿ ಸುತ್ತುವರಿದ ಖಾಲಿ. ಕನ್ನಡದಲ್ಲಿ ಜಾಗ ಅನ್ನಬಹುದು. 'ಅವಕಾಶ' ಅನ್ನುವ ಮಾತು ಇನ್ನೂ ಚೆನ್ನ. ಅದರಲ್ಲಿ ಜಾಗವೂ ಇದೆ, ಏನಾದರೂ ಮಾಡಲು ಅನುಕೂಲವೂ ಇದೆ.

ಖಾಲಿಯನ್ನು ಓದುವುದು ಅಂದರೆ ವಿಚಿತ್ರ ಅನಿಸುತ್ತದೆ. ಹಗೇವನ್ನು ನೆನೆಸಿಕೊಳ್ಳಿ. ಹಿಂದೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ದೊಡ್ಡದು. ಹಗೇವು ತೋಡುವವರು ಏನನ್ನೂ ಕಟ್ಟುವುದಿಲ್ಲ. ಮಣ್ಣು ತೆಗೆದು ಹೊರಗೆ ಹಾಕುತ್ತಾರೆ. ಜೋಳ ಹಿಡಿಯುವುದು ಉಳಿದ ಟೊಳ್ಳು. ಮನೆಯೂ ಹಾಗೇ. ದುಡ್ಡು ಕೊಡುವುದು ಇಟ್ಟಿಗೆ ಸಿಮೆಂಟಿಗೆ, ಬಾಳುವುದು ಅವುಗಳ ನಡುವಿನ ಖಾಲಿಯಲ್ಲಿ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಅನ್ನುವುದಕ್ಕೆ ಭಾಷೆಯೇ ಸಾಕ್ಷಿ. ನಮ್ಮ ಕಡೆ ಮನೆಯನ್ನು ಎಷ್ಟು ಚದರಡಿ ಅಂತ ಕೇಳುತ್ತಿರಲಿಲ್ಲ, ಎಷ್ಟು ಅಂಕಣದ ಮನೆ ಅಂತ ಕೇಳುತ್ತಿದ್ದರು. ಅಂಕಣ ಅಂದರೆ ಕಂಬದಿಂದ ಕಂಬದ ನಡುವಿನ ಜಾಗ. ಕಂಬದ ಲೆಕ್ಕವಲ್ಲ, ನಡುವಿನ ತೆರವಿನ ಲೆಕ್ಕ. ದೊಡ್ಡವ್ವನ ಮನೆ ನಾಲ್ಕು ಅಂಕಣದ್ದು. ಮುಳುಗಡೆಯವರ ಪಟ್ಟಿಯಲ್ಲಿ ಗೋಡೆ ಎಷ್ಟು ಉದ್ದ, ತೊಲೆ ಎಷ್ಟು, ಬಾಗಿಲು ಯಾವ ಕಟ್ಟಿಗೆಯದು ಅಂತ ಬರೆಯುತ್ತಾರೆ. ಪರಿಹಾರಕ್ಕೆ ಬೇಕಾದದ್ದು ಅದು, ತಪ್ಪೇನಲ್ಲ. ಈ ಹುಡುಗರ ಹಾಳೆಯಲ್ಲಿ ಬೇರೆಯೇ ಇತ್ತು. ಯಾರು ಎಲ್ಲಿ ಕೂರುತ್ತಾರೆ, ಎತ್ತು ಎಲ್ಲಿ ಕಟ್ಟುತ್ತಾರೆ, ಬಂದವರನ್ನು ಎಲ್ಲಿಯ ತನಕ ಕರೆಯುತ್ತಾರೆ, ಸೊಸೆ ಯಾವ ಬಾಗಿಲಿಂದ ಹಿತ್ತಲಿಗೆ ಹೋಗುತ್ತಾಳೆ.

ಮೊದಲ ಅಳತೆ ಸ್ವಂತ ಮೈ

ಮೊದಲ ವರ್ಷದ ಮಕ್ಕಳು ಒಬ್ಬರನ್ನೊಬ್ಬರು ಅಳೆಯುತ್ತಾರೆ. ನಿಂತಾಗ ಎತ್ತರ, ಕೂತಾಗ ಎತ್ತರ, ಕೈ ಚಾಚಿದರೆ ಎಷ್ಟು ದೂರ, ಬಕೆಟ್ ಹಿಡಿದು ನಡೆದರೆ ಎಷ್ಟು ಅಗಲ ಬೇಕು. ಇದರಿಂದಲೇ ಬಾಗಿಲು, ಮೆಟ್ಟಿಲು, ಕಟ್ಟೆ ಎಲ್ಲ ಹುಟ್ಟುತ್ತವೆ. ಮೊಳ, ಗೇಣು, ಮಾರು ಇವೂ ಮೈಯ ಅಳತೆಗಳೇ ಅಲ್ವಾ.

ಯಾರ ಮೈ ಅನ್ನುವುದು ಮುಖ್ಯ. ಚಂಡೀಗಢವನ್ನು ರೂಪಿಸಿದ ಲೆ ಕಾರ್ಬೂಸಿಯೆ ತನ್ನದೊಂದು ಅಳತೆ ಪದ್ಧತಿಗೆ 1.83 ಮೀಟರ್ ಎತ್ತರದ ಗಂಡಸನ್ನು ಇಟ್ಟುಕೊಂಡಿದ್ದ. ಅಂದರೆ ಸರಿಯಾಗಿ ಆರಡಿ. ಅವನು ಕೈ ಎತ್ತಿದರೆ 2.26 ಮೀಟರ್. ಅದೇ ಲೆಕ್ಕದಲ್ಲಿ ನಮ್ಮ ಅಡುಗೆಮನೆಗೆ ಹಲಗೆ ಹೊಡೆದರೆ ದೊಡ್ಡವ್ವ ಉಪ್ಪಿನಕಾಯಿ ಭರಣಿ ತೆಗೆಯಲು ಮೊಮ್ಮಗನನ್ನು ಕರೆಯಬೇಕಾಗುತ್ತದೆ. ಅವಳ ಒಲೆ ನೆಲದ ಮೇಲಿದೆ. ರೊಟ್ಟಿ ಬಡಿಯುವುದು ಕೂತುಕೊಂಡು. ಕೂತವಳ ಕೈಗೆ ಸಿಗುವಂತೆ ಗೋಡೆಯಲ್ಲಿ ಮಾಡ, ಅದರಲ್ಲಿ ಉಪ್ಪು, ಎಣ್ಣೆ ಬುಡ್ಡಿ. ಒಬ್ಬ ಹುಡುಗಿ ಒಲೆಯ ಮುಂದೆ ಕೂತು, ಕೈ ಚಾಚಿ, ನೆಲದಿಂದ ಆ ಮಾಡದ ಎತ್ತರವನ್ನು ಬರೆದುಕೊಂಡಳು. ನಿಂತುಕೊಂಡು ಅಳೆದಿದ್ದರೆ ಅದು ಯಾಕೆ ಅಷ್ಟು ಕೆಳಗಿದೆ ಅಂತ ಅವಳಿಗೆ ತಿಳಿಯುತ್ತಲೇ ಇರಲಿಲ್ಲ.

ಇನ್ನೊಂದು ಅಭ್ಯಾಸ ಮನೆ ಕಟ್ಟಿಸಿದವರಿಗೆಲ್ಲ ತಕ್ಷಣ ಅರ್ಥವಾಗುತ್ತದೆ. ಬುನಾದಿಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ ದಿನ ಮನೆಯವರೆಲ್ಲ ಬಂದು ನೋಡಿ, "ಇಷ್ಟೇ ಸಣ್ಣದಾ? ಮಂಚ ಹಿಡಿತೈತೋ ಇಲ್ಲೋ?" ಅಂತ ಮುಖ ಸಣ್ಣ ಮಾಡುತ್ತಾರೆ. ಅದೇ ಕೋಣೆ ಗೋಡೆ ಎದ್ದು ಸುಣ್ಣ ಹಚ್ಚಿದ ಮೇಲೆ ದೊಡ್ಡದು ಕಾಣುತ್ತದೆ. ಕೋಣೆ ಬೆಳೆಯಲಿಲ್ಲ. ಬಯಲಲ್ಲಿ ನಿಂತಾಗ ಕಣ್ಣು ಆ ಗೆರೆಯನ್ನು ಇಡೀ ಹೊಲ, ಆಕಾಶದ ಜೊತೆ ಹೋಲಿಸುತ್ತದೆ. ಗೋಡೆ ಬಂದ ಮೇಲೆ ನಮ್ಮ ಮೈಯ ಜೊತೆ, ಮಂಚದ ಜೊತೆ ಹೋಲಿಸುತ್ತದೆ. ಜಾಗದ ಅಳತೆ ಬೇರೆ, ಜಾಗದ ಅನುಭವ ಬೇರೆ. ವಿದ್ಯಾರ್ಥಿಗಳು ಇದನ್ನು ಬೇಕಂತಲೇ ಮಾಡಿ ನೋಡುತ್ತಾರೆ. ಮೈದಾನದಲ್ಲಿ ಸೀಮೆಸುಣ್ಣದಿಂದ ಕೋಣೆಯ ಗೆರೆ ಎಳೆದು, ಒಳಗೆ ನಡೆದು, ಮಲಗಿ, ಆಮೇಲೆ ನಾಲ್ಕೂ ಕಡೆ ಬಟ್ಟೆ ಕಟ್ಟಿ ಮತ್ತೆ ನಡೆದು ನೋಡುತ್ತಾರೆ.

ಕರ್ಚಿಕಾಯಿ ಮುರಿದರೆ ಹೂರಣ ಕಾಣುತ್ತದೆ

ಖಾಲಿಯನ್ನು ಕಾಗದದ ಮೇಲೆ ತೋರಿಸುವುದು ಹೇಗೆ? ಇದಕ್ಕೆ ಎರಡು ಮುಖ್ಯ ಚಿತ್ರಗಳಿವೆ. ಒಂದು ಪ್ಲಾನ್. ಮನೆಯನ್ನು ಕಿಟಕಿಯ ಎತ್ತರಕ್ಕೆ ಅಡ್ಡಲಾಗಿ ಕೊಯ್ದು, ಮೇಲಿನ ಭಾಗ ಎತ್ತಿಟ್ಟು, ಮೇಲಿಂದ ಇಣುಕಿದರೆ ಕಾಣುವುದು ಪ್ಲಾನ್. ಇನ್ನೊಂದು ಸೆಕ್ಷನ್. ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿ, ಪಕ್ಕದಿಂದ ನೋಡುವುದು. ಕರ್ಚಿಕಾಯಿ ಹೊರಗಿಂದ ಎಲ್ಲ ಒಂದೇ. ಮುರಿದಾಗಲೇ ಹೂರಣ ಎಷ್ಟಿದೆ, ಎಲ್ಲಿ ಟೊಳ್ಳಿದೆ ಗೊತ್ತಾಗುವುದು.

ಸಾಮಾನ್ಯರು ಪ್ಲಾನ್ ನೋಡಿರುತ್ತಾರೆ, ಸೆಕ್ಷನ್ ಕಡೆ ಹೋಗುವುದಿಲ್ಲ. ನನಗೇನೋ ಸೆಕ್ಷನ್ ಹೇಳುವ ಕಥೆಯೇ ಹೆಚ್ಚು ರುಚಿ. ದೊಡ್ಡವ್ವನ ಮನೆಯದನ್ನೇ ನೋಡಿ. ತಲೆಬಾಗಿಲು ದಾಟಿದ ಕೂಡಲೇ ಸಿಗುವುದು ದನ ಕಟ್ಟುವ ಜಾಗ. ಅದು ತಗ್ಗು. ಎರಡು ಅಡಿ ಮೇಲೆ ಪಡಸಾಲೆ. ಪ್ಲಾನಿನಲ್ಲಿ ಇದು ಬರೀ ಒಂದು ಗೆರೆ. ಸೆಕ್ಷನ್‌ನಲ್ಲಿ ಪೂರ್ತಿ ಸಂಸಾರವೇ ಕಾಣುತ್ತದೆ. ಪಡಸಾಲೆಯಲ್ಲಿ ಕೂತವರ ಕಣ್ಣು, ನಿಂತ ಎತ್ತಿನ ಕಣ್ಣು ಹೆಚ್ಚುಕಡಿಮೆ ಒಂದೇ ಮಟ್ಟ. ಕೂತಲ್ಲಿಂದಲೇ ಗೋದಲಿಗೆ ಮೇವು ಹಾಕಬಹುದು. ಸಗಣಿ ಗಂಜಲ ತಗ್ಗಿನಲ್ಲೇ ಉಳಿಯುತ್ತದೆ, ಮೇಲೆ ಹತ್ತುವುದಿಲ್ಲ. ರಾತ್ರಿ ಎತ್ತು ಕೊರಳು ಅಲ್ಲಾಡಿಸಿದರೆ ಗೆಜ್ಜೆ ಸದ್ದು ಮಲಗಿದವರಿಗೆ ಕೇಳುತ್ತದೆ.

ಇಳಕಲ್, ಗುಳೇದಗುಡ್ಡದ ನೇಕಾರರ ಮನೆಗಳಲ್ಲೂ ಹೀಗೇ. ಕುಣಿಮಗ್ಗದಲ್ಲಿ ನೇಯುವವರು ನೆಲದ ಮಟ್ಟದಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಮಣೆ ತುಳಿಯುತ್ತಾರೆ. ಆ ಮನೆಯ ಅತಿ ಮುಖ್ಯ ಜಾಗ ನೆಲದ ಕೆಳಗಿದೆ. ಸೀಳಿ ನೋಡದಿದ್ದರೆ ಚಿತ್ರದಲ್ಲಿ ಅದು ಬರುವುದೇ ಇಲ್ಲ.

ಚಿತ್ರದ ಜೊತೆ ಬರುವ ಇನ್ನೊಂದು ಮಾತು ಸ್ಕೇಲ್. 1:50 ಅಂದರೆ ನಿಜವಾದ 50 ಸೆಂಟಿಮೀಟರು ಹಾಳೆಯಲ್ಲಿ ಒಂದು ಸೆಂಟಿಮೀಟರು. ಆ ಲೆಕ್ಕದಲ್ಲಿ 25 ಸೆಂಟಿಮೀಟರಿನ ಜೋಳದ ರೊಟ್ಟಿ ಹಾಳೆಯ ಮೇಲೆ ಅರ್ಧ ಸೆಂಟಿಮೀಟರು, ಅಂದರೆ ಒಂದು ಬಟಾಣಿಯಷ್ಟು. ರಟ್ಟಿನ ಮಾದರಿಯೂ ಇದೇ ಲೆಕ್ಕದ್ದು. ರಾತ್ರಿ ಎರಡರ ತನಕ ಕತ್ತರಿಸುವುದು ಇದಕ್ಕೇ. ಗೋಡೆಯನ್ನು ಹತ್ತು ಮಿಲಿಮೀಟರ್ ಸರಿಸಿದರೆ ಕೋಣೆಯಲ್ಲಿ ಅರ್ಧ ಮೀಟರ್ ಬದಲಾಗುತ್ತದೆ, ಬೆಳಕು ಬೇರೆ ಕಡೆ ಬೀಳುತ್ತದೆ. ಇಟ್ಟಿಗೆಯಲ್ಲಿ ತಪ್ಪು ಮಾಡುವುದಕ್ಕಿಂತ ರಟ್ಟಿನಲ್ಲಿ ತಪ್ಪು ಮಾಡುವುದು ಅಗ್ಗ.

ಕಂಬಳಿ ಕೊಪ್ಪೆಯೂ ಒಂದು ಮನೆ

ಖಾಲಿಯ ಮಾತು ಇಷ್ಟಾಯಿತು. ಇನ್ನು ಆಸರೆ. ಮನುಷ್ಯನಿಗೆ ತೀರಾ ಕಡಿಮೆ ಎಷ್ಟು ಬೇಕು?

ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾಹಿಯನ್ನು ಮಳೆಯಲ್ಲಿ ನೋಡಿದ್ದೀರಾ? ಕಂಬಳಿಯ ಒಂದು ಮೂಲೆ ಮಡಚಿ ತಲೆಗೆ ಕೊಪ್ಪೆ ಹಾಕಿಕೊಂಡು ಕೋಲೂರಿ ನಿಂತಿರುತ್ತಾನೆ. ನೀರು ತಲೆಯ ಇಳಿಜಾರಿನಿಂದ ಬೆನ್ನ ಮೇಲೆ ಜಾರಿ ಕೆಳಗೆ ಹೋಗುತ್ತದೆ. ಉಣ್ಣೆ ಒದ್ದೆಯಾದರೂ ಒಳಗೆ ಬೆಚ್ಚಗೆ. ಮುಂದೆ ತೆರೆದಿದೆ, ಕುರಿ ಕಾಣುತ್ತವೆ. ಇಳಿಜಾರು ಮಾಡು, ಬೆಚ್ಚನೆ ಗೋಡೆ, ನೋಡಲು ಕಿಂಡಿ. ಆಸರೆಗೆ ಬೇಕಾದದ್ದು ಅಷ್ಟೂ ಒಂದು ಕಂಬಳಿಯಲ್ಲಿದೆ, ಅದೂ ಹೆಗಲ ಮೇಲೆ ಹೊತ್ತೊಯ್ಯುವಂಥದ್ದು.

ಇದರ ಮುಂದಿನ ಹೆಜ್ಜೆ ಕಬ್ಬು ಕಡಿಯುವ ಗ್ಯಾಂಗಿನವರ ಜೋಪಡಿ. ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆಗಳ ಸುತ್ತ ಬಯಲಲ್ಲಿ ಸಾಲುಸಾಲು ಏಳುತ್ತವೆ. ಬಿದಿರು, ಚಾಪೆ, ತಾಡಪತ್ರಿ, ಮೇಲೆ ಕಬ್ಬಿನ ರವದಿ, ಅಂದರೆ ಒಣ ಎಲೆ. ಕೆಲವೇ ತಿಂಗಳ ಬಾಳಿಕೆ. ನಾವು ಬಸ್ಸಿನಲ್ಲಿ ಹೋಗುವಾಗ ನೋಡಿಯೂ ನೋಡದಂತೆ ದಾಟುವ ಇವನ್ನು ಈ ಮಕ್ಕಳು ನಿಂತು ನೋಡುವುದು ಕಲಿಯುತ್ತಾರೆ. ಬಾಗಿಲು ಯಾಕೆ ಬಗ್ಗಿ ಹೋಗುವಷ್ಟೇ? ಗಾಳಿಗೆ ತೋರುವ ಮೈ ಚಿಕ್ಕದಾಗಲಿ ಅಂತ. ಒಲೆ ಯಾಕೆ ಹೊರಗೆ? ರವದಿಗೆ ಕಿಡಿ ಬಿದ್ದರೆ ಮುಗಿಯಿತು.

ನೋಡಿದ ಮೇಲೆ ಮಾಡುವುದು. ಒಬ್ಬರು ಒಂದು ರಾತ್ರಿ ಮಲಗುವ ಗೂಡು ಕಟ್ಟಿ ಅಂತ ಮೇಷ್ಟ್ರು ಕೆಲಸ ಕೊಡುತ್ತಾರೆ. ಬಿದಿರು, ಹಗ್ಗ, ರಟ್ಟು, ಹಳೆ ಪೇಪರು. ಒಂದು ಹಾಳೆ ಪೇಪರು ನಿಲ್ಲುವುದಿಲ್ಲ. ಸುರುಳಿ ಸುತ್ತಿದರೆ ಕೋಲಾಗುತ್ತದೆ. ನಾಲ್ಕು ಕೋಲು ಸೇರಿಸಿ ಚೌಕ ಮಾಡಿದರೆ ಹಳೆ ಹೊರಸಿನ ಹಾಗೆ ಒಂದು ಕಡೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಒಂದು ಕೋಲು ಕಟ್ಟಿದ ಕೂಡಲೇ ಗಟ್ಟಿ. ಚೌಕ ಈಗ ಎರಡು ತ್ರಿಕೋನ ಆಯಿತು, ತ್ರಿಕೋನದ ಬದಿಗಳು ಮುರಿಯದೆ ಅದರ ಆಕಾರ ಬದಲಾಗುವುದಿಲ್ಲ. ಜೋಳದ ಹೊಲದಲ್ಲಿ ಹಕ್ಕಿ ಕಾಯುವ ಅಟ್ಟಕ್ಕೆ ಅಡ್ಡಗೋಲು ಬಿಗಿಯುವ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇಂಥ ಪಾಠಕ್ಕೆ ಹೊರಗೂ ದೊಡ್ಡ ಇತಿಹಾಸವಿದೆ. ಅಮೆರಿಕದ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಅರಿಜೋನಾದ ಮರುಭೂಮಿಯಲ್ಲಿ ಟಾಲಿಯೆಸಿನ್ ವೆಸ್ಟ್ ಎಂಬ ತನ್ನ ನೆಲೆ ಕಟ್ಟಲು ಶುರು ಮಾಡಿದ. ಅಲ್ಲಿಗೆ ಕಲಿಯಲು ಬಂದವರು ಮರುಭೂಮಿಯಲ್ಲಿ ಡೇರೆ ಹಾಕಿಕೊಂಡು ಮಲಗುತ್ತಿದ್ದರು. ಆಮೇಲೆ ತಮ್ಮ ಗೂಡನ್ನು ತಾವೇ ಕಟ್ಟಿಕೊಂಡು ಅದರಲ್ಲೇ ಇರುವ ಪದ್ಧತಿ ಬೆಳೆಯಿತು. ತಾನೇ ಕಟ್ಟಿದ ಮಾಡು ರಾತ್ರಿ ಸೋರಿದರೆ ಕಲಿಯುವ ಪಾಠ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಖಾನಾಪುರದ ಹೆಂಚು, ವಿಜಯಪುರದ ಮಾಳಿಗೆ

ಆಸರೆ ಯಾವುದರಿಂದ ಅನ್ನುವುದು ಊರಿಂದ ಊರಿಗೆ ಬೇರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳನ್ನೇ ಪಶ್ಚಿಮದಿಂದ ಪೂರ್ವಕ್ಕೆ ದಾಟಿದರೆ ಸಾಕು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿ ಕೆಂಪು ಕಲ್ಲಿನ ಗೋಡೆ, ಕಡಿದಾದ ಹೆಂಚಿನ ಮಾಡು. ವಿಜಯಪುರದಲ್ಲಿ 600ರ ಆಸುಪಾಸು. ಅಲ್ಲಿ ನೀರು ಹರಿದು ಹೋಗುವ ಅವಸರವಿಲ್ಲ, ಬಿಸಿಲು ತಡೆಯುವ ಅವಸರವಿದೆ. ಹಾಗಾಗಿ ದಪ್ಪ ಗೋಡೆ, ಮಣ್ಣಿನ ಸಪಾಟು ಮಾಳಿಗೆ.

ದಪ್ಪ ಗೋಡೆ ತಂಪು ಯಾಕೆ? ಬಿಸಿಲಿನ ಕಾವು ಮಣ್ಣಿನೊಳಗೆ ನಿಧಾನಕ್ಕೆ ನಡೆಯುತ್ತದೆ. ತಗಡಿನಲ್ಲಿ ನಿಮಿಷಗಳಲ್ಲಿ ಒಳಗೆ ಬರುವ ಕಾವು ಮಾರುದ್ದ ಇಲ್ಲದಿದ್ದರೂ ಮೊಳಕ್ಕೆ ಕಡಿಮೆ ಇಲ್ಲದ ಮಣ್ಣಿನ ಗೋಡೆ ದಾಟಲು ಎಂಟು-ಹತ್ತು ತಾಸು ಬೇಕು. ಮಧ್ಯಾಹ್ನ ಎರಡರ ಬಿಸಿಲು ಒಳಗೆ ತಲುಪುವುದು ನಡುರಾತ್ರಿಗೆ. ಆಗ ಸೆಖೆ ಅಲ್ವಾ? ಹೌದು. ಅದಕ್ಕೇ ಬೇಸಿಗೆಯಲ್ಲಿ ಎಲ್ಲರೂ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುವುದು. ಹಗಲಿಗೆ ಪಡಸಾಲೆ, ರಾತ್ರಿಗೆ ಮಾಳಿಗೆ. ಒಂದೇ ಮನೆ ಹೊತ್ತಿಗೊಂದು ಕೋಣೆ ಆಗುತ್ತದೆ. ಆ ಹುಡುಗರು ಒಂದೇ ಪ್ಲಾನನ್ನು ಮೂರು ಸಲ ಬರೆದಿದ್ದರು: ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಗೋಡೆಗಳೆಲ್ಲ ಅಲ್ಲೇ ಇದ್ದವು, ಜನ ಮಾತ್ರ ಬೇರೆ ಬೇರೆ ಕಡೆ.

ಸೂರ್ಯನ ಲೆಕ್ಕ ಇನ್ನೂ ಸ್ವಾರಸ್ಯ. ವಿಜಯಪುರದಲ್ಲಿ ವರ್ಷಕ್ಕೆ ಎರಡು ದಿನ, ಮೇ ಮೊದಲ ವಾರದ ಕೊನೆಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ, ನಡುಹಗಲು ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ನಿಂತವರ ನೆರಳು ಕಾಲಡಿಗೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ ಸುಮಾರು 50 ಡಿಗ್ರಿ ಎತ್ತರಕ್ಕೆ ನಿಲ್ಲುತ್ತಾನೆ. ದಕ್ಷಿಣದ ಗೋಡೆಗೆ ಎರಡಡಿ ಸಜ್ಜಾ ಇದ್ದರೆ ಮಾರ್ಚ್ 21ರ ಸುಮಾರಿನ ನಡುಹಗಲಲ್ಲಿ ಅದರ ಕೆಳಗೆ ಆರೂವರೆ ಅಡಿ ನೆರಳು. ಡಿಸೆಂಬರಿನಲ್ಲಿ ಎರಡೂವರೆ ಅಡಿಯೂ ಇಲ್ಲ, ಎಳೆಬಿಸಿಲು ಒಳಗೆ ಬರುತ್ತದೆ. ಒಂದೇ ಸಜ್ಜಾ ಬೇಸಿಗೆಗೆ ಬಾಗಿಲು ಹಾಕಿ ಚಳಿಗೆ ತೆಗೆಯುತ್ತದೆ. ಪಶ್ಚಿಮಕ್ಕೆ ಈ ಆಟ ನಡೆಯುವುದಿಲ್ಲ. ಇಳಿಹೊತ್ತಿನ ಸೂರ್ಯ ಕಿಟಕಿಗೆ ನೇರ ಎದುರು ಬರುತ್ತಾನೆ, ಅಲ್ಲಿ ಬೇವಿನ ಮರವೇ ಗತಿ.

ದೊಡ್ಡವ್ವನ ಮನೆಯಲ್ಲಿ ಕಿಟಕಿ ಕಡಿಮೆ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಬೆಳಗ್ಗೆ ಒಂದು ಗುಂಡು ಬಿಸಿಲು ಗೋಡೆಯ ಮೇಲೆ ಬಿದ್ದು ಹೊತ್ತು ಏರಿದಂತೆ ಇಳಿದು ನೆಲದ ಮೇಲೆ ಸರಿಯುತ್ತದೆ. ಒಬ್ಬ ಹುಡುಗ ಇಡೀ ದಿನ ಅಲ್ಲೇ ಕೂತು ಅರ್ಧ ತಾಸಿಗೊಮ್ಮೆ ಆ ಬಿಸಿಲಿನ ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಸಂಜೆ ಹೊತ್ತಿಗೆ ಸಗಣಿ ಸಾರಿಸಿದ ನೆಲದ ಮೇಲೆ ಒಂದಕ್ಕೊಂದು ಹೊಂದಿಕೊಂಡ ಬಿಳಿ ಗುಂಡುಗಳ ಸಾಲು. "ಬೀಸುಕಲ್ಲಿನ ಹತ್ರ ಬಂತಂದ್ರ ಊಟದ ಹೊತ್ತು" ಅಂದಳು ದೊಡ್ಡವ್ವ, ಗೆರೆ ನೋಡದೆಯೇ.

ಐಹೊಳೆ ಎಂಬ ಹಳೇ ಸ್ಟುಡಿಯೋ

ಬಾಗಲಕೋಟೆ ಜಿಲ್ಲೆಗೆ ದೇಶದ ಎಲ್ಲ ಕಡೆಯ ಆರ್ಕಿಟೆಕ್ಚರ್ ಮಕ್ಕಳು ಬರುತ್ತಾರೆ. ಬರುವುದು ಫೋಟೋ ತೆಗೆಯಲು ಮಾತ್ರ ಅಲ್ಲ.

ಬಾದಾಮಿಯ ಗುಹೆಗಳನ್ನು ಕಟ್ಟಿಲ್ಲ, ಹಗೇವಿನ ಹಾಗೆ ತೆಗೆದಿದ್ದಾರೆ. ಮೂರನೇ ಗುಹೆಯಲ್ಲಿ 578ನೇ ಇಸವಿಯ ಶಾಸನವಿದೆ. ಕೆಂಪು ಮರಳುಗಲ್ಲಿನ ಬೆಟ್ಟದಿಂದ ಬೇಡವಾದದ್ದನ್ನು ಕಡಿದು ಹಾಕಿ, ಕಂಬ ತೊಲೆಗಳನ್ನು ಉಳಿಸಿದ್ದಾರೆ. ಮೆಟ್ಟಿಲು ಹತ್ತಿ ಬಿಸಿಲಿಂದ ಮೊಗಸಾಲೆಗೆ ಬಂದರೆ ಅರೆ ಬೆಳಕು. ಮಂಟಪಕ್ಕೆ ಬಂದರೆ ಇನ್ನೂ ಕಡಿಮೆ. ಗರ್ಭಗುಡಿಯಲ್ಲಿ ಕತ್ತಲು. ನಮ್ಮ ದನಿ ತಾನಾಗಿ ಇಳಿಯುತ್ತದೆ. ಯಾರೂ ಬೋರ್ಡು ಹಾಕಿಲ್ಲ. ಜಾಗವೇ ಹೇಳುತ್ತದೆ.

ಐಹೊಳೆಯ ಲಾಡಖಾನ್ ಗುಡಿಯ ಮೇಲೆ ಹತ್ತಿ ನೋಡಿದರೆ ಇನ್ನೊಂದು ಪಾಠ. ಮಾಡಿನ ಚಪ್ಪಡಿಗಳು ಸೇರುವ ಸಂದಿನ ಮೇಲೆ ಉದ್ದನೆ ಕಲ್ಲಿನ ಪಟ್ಟಿಗಳು, ಮರದ ದಿಮ್ಮಿಗಳ ಹಾಗೆ ಕಾಣುತ್ತವೆ. ಮರದಲ್ಲಿ ಕಟ್ಟಿ ಗೊತ್ತಿದ್ದ ರೀತಿಯನ್ನು ಕೈ ಇನ್ನೂ ಮರೆತಿಲ್ಲ, ವಸ್ತು ಮಾತ್ರ ಕಲ್ಲಾಗಿದೆ. ಪಕ್ಕದ ದುರ್ಗದ ಗುಡಿಗೆ ಹಿಂಭಾಗ ಗುಂಡಗೆ, ಸುತ್ತಲೂ ಕಂಬಗಳ ತೆರೆದ ಪ್ರದಕ್ಷಿಣೆ ದಾರಿ. ಸುತ್ತು ಹಾಕುವಾಗ ನೆರಳು, ಬಿಸಿಲು, ನೆರಳು, ಬಿಸಿಲು. ಒಂದೇ ಊರಿನಲ್ಲಿ ಒಂದರಂತೆ ಇನ್ನೊಂದಿಲ್ಲದ ಇಷ್ಟು ಗುಡಿಗಳು ಯಾಕೆ? ಕಟ್ಟುತ್ತಾ ಕಟ್ಟುತ್ತಾ ಕಲಿಯುತ್ತಿದ್ದರು. ಒಂದು ರೀತಿ ಸ್ಟುಡಿಯೋನೇ, ರಟ್ಟಿನ ಬದಲು ಕಲ್ಲು. ಕಲಿತದ್ದರ ಫಲ ಪಟ್ಟದಕಲ್ಲಿನಲ್ಲಿ ಕಾಣುತ್ತದೆ. ಉತ್ತರದ ಶೈಲಿಯ ಶಿಖರ, ದಕ್ಷಿಣದ ಶೈಲಿಯ ಶಿಖರ ಅಕ್ಕಪಕ್ಕ ನಿಂತಿವೆ. 1987ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಚೌಕದ ಮೇಲೆ ಗುಂಡು ಕೂರಿಸುವುದು

ವಿಜಯಪುರದ ಗೋಲಗುಮ್ಮಟದಲ್ಲಿ ನಾವೆಲ್ಲ ಕೂಗಿ ಬಂದವರೇ. ಆರ್ಕಿಟೆಕ್ಚರ್ ಮಕ್ಕಳೂ ಕೂಗುತ್ತಾರೆ. ಆಮೇಲೆ ತಲೆ ಎತ್ತಿ ಒಂದು ಪ್ರಶ್ನೆ ಕೇಳುತ್ತಾರೆ: ಕೆಳಗೆ ಚೌಕ, ಮೇಲೆ ಗುಂಡು, ನಡುವೆ ಕಂಬವೇ ಇಲ್ಲ, ಹೇಗೆ ಕೂತಿದೆ?

ಮೊಹಮ್ಮದ್ ಆದಿಲ್ ಶಾಹನ ಈ ಸಮಾಧಿ ಮುಗಿದದ್ದು 1656ರಲ್ಲಿ. ಒಳಗಿನ ನೆಲ ಸುಮಾರು 1,700 ಚದರ ಮೀಟರ್. ಗುಮ್ಮಟದ ಒಳಗಿನ ಅಡ್ಡಳತೆ 38 ಮೀಟರಿನ ಹತ್ತಿರ. ಉತ್ತರ ನಮ್ಮ ಅಂಗಳದಲ್ಲೇ ಇದೆ. ರಂಗೋಲಿಯಲ್ಲಿ ಒಂದು ಚೌಕ ಬರೆದು ಅದರ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಬರೆಯಿರಿ. ಎಂಟು ಮೂಲೆಯ ನಕ್ಷತ್ರ ಬರುತ್ತದೆ. ಗೆರೆಗಳು ಒಂದನ್ನೊಂದು ಕತ್ತರಿಸುವಲ್ಲಿ ನಡುವೆ ಎಂಟು ಬದಿಯ ಆಕಾರ, ಹೆಚ್ಚುಕಡಿಮೆ ಗುಂಡು. ಆ ಗೆರೆಗಳ ಜಾಗದಲ್ಲಿ ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಹಾಯ್ದು ಏಳುತ್ತವೆ. ಅವು ಕೂಡಿಸಿಕೊಟ್ಟ ಬಳೆಯ ಮೇಲೆ ಗುಮ್ಮಟ ಕೂತಿದೆ.

ಇನ್ನೊಂದು ಜಾಣತನವಿದೆ. ಕಣದಲ್ಲಿ ಜೋಳದ ರಾಶಿ ತನ್ನ ಭಾರಕ್ಕೆ ಬುಡದಲ್ಲಿ ಹರಡುತ್ತದೆ. ಗುಮ್ಮಟವೂ ಹಾಗೆ ಬುಡದಲ್ಲಿ ಹೊರಕ್ಕೆ ತಳ್ಳುತ್ತದೆ. ಆದರೆ ಇಲ್ಲಿ ಬಳೆಯೇ ಗೋಡೆಯಿಂದ ಒಳಕ್ಕೆ ಚಾಚಿಕೊಂಡಿದೆ. ಆ ಕಲ್ಲಿನ ಭಾರ ಒಳಕ್ಕೆ ಎಳೆಯುತ್ತದೆ. ಹೊರಕ್ಕೆ ತಳ್ಳುವುದು, ಒಳಕ್ಕೆ ಎಳೆಯುವುದು ಎರಡೂ ಸರಿಹೋಗುತ್ತವೆ. ನಾವು ಪಿಸುಗುಟ್ಟಲು ನಿಲ್ಲುವ ಮೊಗಸಾಲೆ ಈ ಚಾಚಿದ ಭಾಗದ ಮೇಲೇ ಇದೆ.

ಪಿಸುಮಾತು ಆಚೆ ಬದಿಗೆ ಕೇಳುವುದು ದನಿ ಬಾಗಿದ ಗೋಡೆಯನ್ನು ಹಿಡಿದುಕೊಂಡು ಜಾರುವುದರಿಂದ. ವಿದ್ಯಾರ್ಥಿಗಳಿಗೆ ಇದೂ ಪಾಠ. ಕಣ್ಣು ಮುಚ್ಚಿ ಚಪ್ಪಾಳೆ ತಟ್ಟಿದರೆ ಜಾಗ ಎಷ್ಟು ದೊಡ್ಡದು, ಗೋಡೆ ಕಲ್ಲಿನದೋ ಮಣ್ಣಿನದೋ ಕಿವಿಗೆ ಗೊತ್ತಾಗುತ್ತದೆ. ದೊಡ್ಡವ್ವನ ಪಡಸಾಲೆಯಲ್ಲಿ ತಟ್ಟಿದ ಚಪ್ಪಾಳೆ ಅಲ್ಲೇ ಸಾಯುತ್ತದೆ. ಮಣ್ಣು ಅದನ್ನು ನುಂಗುತ್ತದೆ.

ಶೆಡ್ಡಿನ ಲೆಕ್ಕ, ಮನೆಯ ಲೆಕ್ಕ

2009ರ ಮತ್ತು 2019ರ ನೆರೆ ಇಲ್ಲಿ ಯಾರಿಗೂ ಮರೆತಿಲ್ಲ. ಮಲಪ್ರಭಾ, ಘಟಪ್ರಭಾ, ಕೃಷ್ಣೆಯ ದಂಡೆಯ ಜನ ಶಾಲೆಗಳಲ್ಲಿ, ತಗಡಿನ ಶೆಡ್ಡುಗಳಲ್ಲಿ ದಿನ ಕಳೆದರು. ಹೀಗಾಗಿ ಆಸರೆ ಎಂಬ ವಿಷಯ ಈ ಮಕ್ಕಳಿಗೆ ಬರೀ ಪಠ್ಯವಲ್ಲ.

ಕೆಲವು ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಂಕಟದ ಹೊತ್ತಿನಲ್ಲಿ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಮಾಡಿನ ಕೆಳಗಿನ ಜಾಗ ಬೇಕು ಅನ್ನುತ್ತದೆ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡ. ಎರಡು ಮಂಚ ಹಾಕಿದರೆ ತುಂಬಿತು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಂದೇ ವಾಸದ ಕೋಣೆ ಇದ್ದರೆ ಅದು 9.5 ಚದರ ಮೀಟರಿಗೆ ಕಡಿಮೆ ಇರಬಾರದು, ಅಗಲ 2.4 ಮೀಟರಾದರೂ ಇರಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರಡಿ.

ಸಂಖ್ಯೆ ಸರಿ ಇದ್ದರೆ ಸಾಕೇ? ಮನೆಯೊಳಗೆ ಎತ್ತಿಗೆ ಜಾಗವಿಲ್ಲ, ಬಣವಿ ಒಟ್ಟಲು ಹಿತ್ತಿಲಿಲ್ಲ, ಸಂಜೆ ಕೂರಲು ಕಟ್ಟೆಯಿಲ್ಲ ಅಂದರೆ ರೈತ ಕುಟುಂಬ ಏನು ಮಾಡುತ್ತದೆ? ಹೊಸ ಮನೆಯ ಮುಂದೆ ತಗಡು ಇಳಿಬಿಟ್ಟು ತಾನೇ ಸೇರಿಸಿಕೊಳ್ಳುತ್ತದೆ. ಪುನರ್ವಸತಿ ಊರುಗಳಲ್ಲಿ ಒಂದು ಸುತ್ತು ಹಾಕಿದರೆ ಇದು ಕಾಣುತ್ತದೆ. ವಿದ್ಯಾರ್ಥಿಗಳು ಈ ಸೇರ್ಪಡೆಗಳನ್ನೇ ಮೊದಲು ಬರೆದುಕೊಳ್ಳುತ್ತಾರೆ. ಏನು ಕೊಟ್ಟರು ಅನ್ನುವುದು ಪ್ಲಾನಿನಲ್ಲಿದೆ, ಏನು ಬೇಕಿತ್ತು ಅನ್ನುವುದು ಆ ತಗಡಿನಲ್ಲಿದೆ.

ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡ ಉದಾಹರಣೆಗಳನ್ನೂ ಅವರು ಓದುತ್ತಾರೆ. ಇಂದೋರಿನ 'ಅರಣ್ಯ' ಎಂಬ ಬಡಾವಣೆಯಲ್ಲಿ ಆರ್ಕಿಟೆಕ್ಟ್ ಬಾಲಕೃಷ್ಣ ದೋಶಿ ಸುಮಾರು 6,500 ನಿವೇಶನಗಳನ್ನು ಯೋಜಿಸಿದರು. ಬಡ ಕುಟುಂಬಗಳಿಗೆ ಪೂರ್ತಿ ಮನೆ ಕೊಡದೆ ಬುನಾದಿ, ನೀರು, ಶೌಚಾಲಯದಂಥ ಮೂಲ ಭಾಗ ಕೊಟ್ಟು ಉಳಿದದ್ದನ್ನು ಕೈಯಲ್ಲಿ ಕಾಸು ಆಡಿದಂತೆ ಬೆಳೆಸಿಕೊಳ್ಳಲು ಬಿಟ್ಟರು. ದೋಶಿಯವರಿಗೆ 2018ರಲ್ಲಿ ಆರ್ಕಿಟೆಕ್ಟರಿಗೆ ಕೊಡುವ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಭಾರತೀಯರಲ್ಲಿ ಅವರೇ ಮೊದಲಿಗರು. ಜಪಾನಿನ ಶಿಗೆರು ಬಾನ್ 1995ರ ಕೋಬೆ ಭೂಕಂಪದ ನಂತರ ದಪ್ಪ ಕಾಗದದ ಕೊಳವೆಗಳಿಂದ ಗೋಡೆ ಮಾಡಿ, ಬಿಯರ್ ಕ್ರೇಟುಗಳಲ್ಲಿ ಮರಳಿನ ಚೀಲ ತುಂಬಿ ಬುನಾದಿ ಹಾಕಿದರು. 2001ರ ಭೂಕಂಪದ ನಂತರ ಗುಜರಾತಿನ ಭುಜ್‌ಗೆ ಬಂದಾಗ ಅಂಥ ಕ್ರೇಟು ಸಿಗಲಿಲ್ಲ. ಬಿದ್ದ ಮನೆಗಳ ಕಲ್ಲುಮಣ್ಣನ್ನೇ ಬುನಾದಿ ಮಾಡಿದರು, ಮೇಲೆ ಮಣ್ಣಿನ ನೆಲ.

ಜ್ಯೂರಿಯ ದಿನ

ಸೆಮಿಸ್ಟರ್ ಕೊನೆಗೆ 'ಜ್ಯೂರಿ' ಇರುತ್ತದೆ. ಹಾಳೆಗಳನ್ನು ಗೋಡೆಗೆ ಚುಚ್ಚಿ, ಮಾದರಿ ಮುಂದಿಟ್ಟು, ನಿದ್ದೆಗೆಟ್ಟ ಕಣ್ಣಿನಲ್ಲಿ ವಿದ್ಯಾರ್ಥಿ ನಿಲ್ಲುತ್ತಾನೆ. ಹೊರಗಿನ ಆರ್ಕಿಟೆಕ್ಟರು ಬಂದು ಒಂದೊಂದೇ ಗೆರೆಗೆ ಯಾಕೆ ಅಂತ ಕೇಳುತ್ತಾರೆ. ಚಂದ ಕಾಣಲಿ ಅಂತ ಹಾಕಿದೆ ಅಂದರೆ ಮುಗಿಯಿತು ಕಥೆ. ಇಲ್ಲಿ ಕಿಟಕಿ ಯಾಕೆ, ಬಾಗಿಲು ಒಳಕ್ಕೆ ಯಾಕೆ ತೆರೆಯುತ್ತದೆ, ಅಜ್ಜಿ ಈ ಮೆಟ್ಟಿಲು ಹತ್ತುವುದು ಹೇಗೆ. ಎಲ್ಲಕ್ಕೂ ಕಾರಣ ಬೇಕು.

ನಮ್ಮೂರಿಗೆ ಬಂದಿದ್ದವರು ಜ್ಯೂರಿ ಮುಗಿಸಿ, ಒಂದು ತಿಂಗಳ ಮೇಲೆ, ದೊಡ್ಡವ್ವನ ಮನೆಯ ಪ್ಲಾನಿನ ಒಂದು ಪ್ರತಿ ತಂದು ಕೊಟ್ಟರು. ದೊಡ್ಡ ಹಾಳೆ. ಓದು ಬರಹ ಬಾರದ ದೊಡ್ಡವ್ವ ಅದನ್ನು ಪಡಸಾಲೆಯ ನೆಲದ ಮೇಲೆ ಹಾಸಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಾಳೆಯನ್ನು ಮೆಲ್ಲಗೆ ತಿರುಗಿಸಿದಳು, ಚಿತ್ರದ ತಲೆಬಾಗಿಲು ಮನೆಯ ತಲೆಬಾಗಿಲಿನ ಕಡೆ ಬರುವ ತನಕ. ಬೆರಳಿಟ್ಟು ಗೋದಲಿ ದಾಟಿದಳು, ಪಡಸಾಲೆ ಹತ್ತಿದಳು, ನಡುಮನೆಗೆ ಹೋದಳು. ಅಲ್ಲಿ ಬೆರಳು ನಿಂತಿತು.

"ಎಲ್ಲಾ ಬರೋಬ್ಬರಿ ಐತಿ. ಬೀಸುಕಲ್ಲು ಎಲ್ಲೈತಿ ತಮ್ಮಾ?"

ಸೀಮೆಸುಣ್ಣ ಹಿಡಿದು ಇಡೀ ದಿನ ಆ ಬೀಸುಕಲ್ಲಿನ ಪಕ್ಕದಲ್ಲೇ ಕೂತಿದ್ದ ಹುಡುಗ ಕಿವಿಯಿಂದ ಪೆನ್ಸಿಲ್ಲು ತೆಗೆದ.